ಗಂಬೂಟಿನ ನಂಬರು

ನನ್ನ ಶಕೀಲಕ್ಕಾ,

ಹೋದ ಬೇಸಿಗೆಯ ಆ ಮಧ್ಯಾಹ್ನ ನೆನಪಿದೆಯಾ? ನಮ್ಮ ಚಪ್ಪಲಿ ಅಂಗಡಿಗೆ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದು ಏಳನೇ ನಂಬರಿನ ಸ್ಯಾಂಡಲ್ ಕೇಳಿದರು. ನಾನು ತುಟಿ ಬಿಚ್ಚದೆ ತೆಗೆದುಕೊಟ್ಟೆ. ಅವರು ಹಾಕಿಕೊಂಡೇ ಹೊರಟರು. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಕಂಡು ನೀವು ಬಸ್‌ಸ್ಟ್ಯಾಂಡಿನವರೆಗೆ ಓಡಿ ಅವರನ್ನು ಕರೆತಂದಿರಿ. ಆಮೇಲೆ ಏದುಸಿರು ಬಿಡುತ್ತಾ ನನಗೆ ಬೈದಿರಿ. "ಅದು ಗಂಬೂಟಿನ ನಂಬರು ಕಣೇ ಮಾರಾಯ್ತಿ! ತೋಟದಲ್ಲಿ ರಕ್ತ ಹೀರೋ ಇಂಬಳ ಹತ್ತಬಾರದು ಅಂತ ಬೂಟಿನ ಒಳಗೆ ಎರಡೆರಡು ಕಾಲುಚೀಲ ಹಾಕ್ತಾರೆ, ಅದಕ್ಕೆ ದೊಡ್ಡದು ತಗೊಂಡಿರ್ತಾರೆ. ಕಾಲಿನ ನಂಬರೂ ಅದೇ ಅಂದ್ಕೊಂಡಿರ್ತಾರೆ. ನೀನು ಬಾಯಿ ಏನು ಬಾಡಿಗೆಗೆ ಕೊಟ್ಟಿದ್ಯಾ?"

ಮಳೆಗಾಲದಲ್ಲಿ ಜ್ವರ ಅಂತ ಮಲಗಿದ ನೀವು ಏಳಲೇ ಇಲ್ಲ. ಅದಾದ ಮೇಲೆ ಓನರ್ ನನ್ನನ್ನು ಕರೆದರು. "ಇಷ್ಟು ದಿನ ಶಕೀಲಾನೇ ಮಾತಾಡ್ತಿದ್ಲು. ಬರೋ ಬೇಸಿಗೆವರೆಗೆ ನೋಡ್ತೀನಿ. ನಿನ್ನ ಕೈಲಾಗ್ಲಿಲ್ಲ ಅಂದ್ರೆ ಹಿಂದೆ ಗೋಡೌನಲ್ಲಿ ಬಾಕ್ಸ್ ಜೋಡಿಸ್ಕೊಂಡಿರು." ಗೋಡೌನಿಗೆ ನಾನು ಹೆದರಲಿಲ್ಲ ಅಕ್ಕಾ. ಆದರೆ ನೀವು ಕಲಿಸಿದ್ದೆಲ್ಲ ಅಲ್ಲಿ, ಆ ಕತ್ತಲೆಯಲ್ಲಿ...

ಮೊನ್ನೆ ಅತ್ತಿಗುಂಡಿ ಕಡೆಯ ಎಸ್ಟೇಟಿನಿಂದ ತಾಯಿ ಮಗಳು ಬಂದರು. ಮುಂದಿನ ವಾರ ಮಗಳ ಮದುವೆ. ಅವಳ ಕಣ್ಣು ಪೆನ್ಸಿಲ್ ಹೀಲಿನ ಮೇಲೇ ಇತ್ತು. "ಏಳನೇ ನಂಬರು ಕೊಡಮ್ಮ. ನಮ್ಮಿಬ್ಬರದ್ದೂ ಏಳೇ," ಅಂದರು ತಾಯಿ. ನೀವಿದ್ದಿದ್ದರೆ ನಿಮ್ಮ ಮುಖ ನೋಡುತ್ತಿದ್ದೆ. ಯಾರ ಮುಖ ನೋಡಲಿ?

"ಅದು... ಗಂಬೂಟಿನ ನಂಬರಲ್ವಾ ಅಮ್ಮ? ಕಾಲು ಅಳೆದು ನೋಡೋಣ್ವಾ?"

ಹೇಳಿಬಿಟ್ಟೆ! ಹಾಳೆ ಹಾಸಿ, ಮಗಳನ್ನು ಅದರ ಮೇಲೆ ನಿಲ್ಲಿಸಿ ಗೆರೆ ಎಳೆದೆ. ಐದು ಬಂತು. ಒಂದು ಮಾತು ಆಚೆ ಬಂದದ್ದೇ ತಡ, ಉಳಿದದ್ದೂ ಬಂತು. "ಸ್ಟೇಜ್ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು. ಈ ಸೆಕೆಗೆ ಕಾಲು ಊದುತ್ತೆ. ಹೀಲು ಅಗಲ ಇರೋದು, ಹಿಂದೆ ಪಟ್ಟಿ ಇರೋದು ಹಾಕ್ನೋಡಿ. ಬಂಗಾರದ ಬಣ್ಣದ್ದಿದೆ, ಸೀರೆಗೂ ಒಪ್ಪುತ್ತೆ." ಅವಳು ಕನ್ನಡಿಯ ಮುಂದೆ ಎರಡು ಸಲ ನಡೆದು, "ಅಮ್ಮಾ, ಜಾರ್ತಾನೇ ಇಲ್ಲ!" ಅಂದಳು.

ಆಗ ತಾಯಿ ಮೆಲ್ಲಗೆ, "ನಂದೂ ಒಂಚೂರು ಅಳೀತೀಯಾ?" ಅಂದರು. ಹಿಮ್ಮಡಿ ಒಡೆದದ್ದು ಕಾಣದ ಹಾಗೆ ಸೀರೆ ಎಳೆದುಕೊಂಡರು. "ಮುಟ್ಟಬೇಡಮ್ಮ, ಮಣ್ಣಿದೆ." ನಾನು ಹಿಡಿದುಕೊಂಡೇ ಅಳೆದೆ. ಅವರದ್ದೂ ಐದೇ.

"ಇಷ್ಟು ಸಣ್ಣ ಕಾಲಾ ನಂದು?" ಅಂತ ನಕ್ಕರು. ಆಮೇಲೆ ಹಾಳೆಯನ್ನೇ ನೋಡುತ್ತಾ ಕೂತರು. "ಚಪ್ಪಲಿ ಜಾರದ ಹಾಗೆ ಇಷ್ಟು ವರ್ಷ ಬೆರಳು ಬಿಗಿ ಹಿಡ್ಕೊಂಡೇ ನಡೆದ್ನಲ್ಲೇ..." ಮಗಳು ತಾಯಿಯ ಭುಜದ ಮೇಲೆ ಕೈಯಿಟ್ಟಳು. ಮೆತ್ತನೆ ಅಟ್ಟೆಯ ಒಂದು ಜೊತೆ ತಂದು ನಾನೇ ತೊಡಿಸಿದೆ.

ಅವರು ಹೋದ ಮೇಲೆ ಓನರ್ ತಲೆ ಎತ್ತದೆಯೇ, "ಗೋಡೌನಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ," ಅಂದರು.

ಇವತ್ತು ಆ ಮದುಮಗಳ ಮಾತು ಕೇಳಿಕೊಂಡು ಅವರ ಎಸ್ಟೇಟಿನ ಲೈನ್‌ಮನೆಗಳ ಏಳು ಜನ ಹೆಂಗಸರು ಬಂದಿದ್ದರು. ಒಬ್ಬೊಬ್ಬರ ಕಾಲೂ ಅಳೆದೆ. ಸಂಜೆಯ ಹೊತ್ತಿಗೆ ನಿಮ್ಮ ಈ ಹುಡುಗಿಗೆ ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ ಶಕೀಲಕ್ಕಾ. ನಂಬ್ತೀರಾ?