ನಾಯಿಕೆಮ್ಮಿಗೆ ನಾಯಿ ಬೇಕಿಲ್ಲ

ಜೂನ್ 3, ಬೆಳಿಗ್ಗೆ 6
ನಮ್ಮ ಹೋಟೆಲಿನ ಸಾಂಬಾರ್ ರೆಡಿ. ಪೆರಂಬೂರಿನ ಬೇರೆ ಯಾವ ಹೋಟೆಲಿನಲ್ಲೂ ಈ ಪರಿಮಳ ಇಲ್ಲ — ನಾನೇ ಹೇಳಬೇಕು, ಬೇರೆಯವರಿಗೆ ಮೂಗಿಲ್ಲ. ಕೆಮ್ಮು ಮಾತ್ರ ಬಿಟ್ಟಿಲ್ಲ, ಹದಿನೆಂಟು ದಿನ. ಬಂದಾಗೆಲ್ಲ ಗ್ರೈಂಡರ್ ಆನ್ ಮಾಡುತ್ತೇನೆ. ಸದ್ದು ಮುಚ್ಚಿಹೋಗುತ್ತದೆ. ಭಾನುವಾರ ತಂಗಿ ಸರಸನ ಮನೆಯಲ್ಲಿ ಅವಳ ಮೊಮ್ಮಗಳ ತೊಟ್ಟಿಲು. ಕೂಸನ್ನು ಮೊದಲು ಎತ್ತಿಕೊಳ್ಳುವವನು ನಾನೇ.

ಜೂನ್ 4
ಸಿಕ್ಕಿಬಿದ್ದೆ. ಸರಸ ಅಡುಗೆಮನೆಗೇ ಬಂದಳು. "ಅಣ್ಣ, ಅಕ್ಕಿ ಇಲ್ಲ, ಉದ್ದು ಇಲ್ಲ, ಗ್ರೈಂಡರ್ ಯಾಕೆ ತಿರುಗ್ತಾ ಉಂಟು?" ಬಾಯಿ ತೆರೆದೆ — ಕೆಮ್ಮು. ಕೊನೆಗೆ ಉಸಿರೆಳೆದರೆ ಬಾವಿಯ ರಾಟೆಯಂತೆ ಕೂಗು.
"ಇದು ನಾಯಿಕೆಮ್ಮು! ಕೂಸು ಇಪ್ಪತ್ತು ದಿನದ್ದು, ಇಂಜೆಕ್ಷನ್ ಆಗಲಿಲ್ಲ. ಟೆಸ್ಟ್ ಮಾಡಿಸದೆ ನನ್ನ ಹೊಸ್ತಿಲು ದಾಟಬೇಡ."
ನನಗೆ!

ಜೂನ್ 5
ಆಸ್ಪತ್ರೆ. ಊರ ಶಾಲೆಯಲ್ಲಿ ಏಳನೇ ಕ್ಲಾಸ್, ಆದರೂ ತಮಿಳು ನೀರು ಕುಡಿದಷ್ಟು ಸುಲಭ. ನಾಯಿಕೆಮ್ಮನ್ನು ಹಾಗೇ ತಮಿಳಿಗೆ ತಿರುಗಿಸಿ ನರ್ಸ್ ಸುಮತಿಯವರಿಗೆ ಜಂಬದಿಂದ ಹೇಳಿದೆ — "ನಾಯ್ ಇರುಮಲ್."
"ನಾಯಾ? ಎಲ್ಲಿ ಕಚ್ಚಿತು?"
ಗಂಟಲು ತೋರಿಸಿದೆ.
ಹೌಹಾರಿ ನಾಯಿ ಕಚ್ಚಿದವರ ಸಾಲಿಗೆ ಕಳಿಸಿದರು. ಅಲ್ಲಿ ಕೆಮ್ಮಿದ ಮೇಲೆ ನಕ್ಕರು — "ಅಯ್ಯೋ, ಕಕ್ಕುವಾನ್!" ತಮಿಳಿನ ಕೆಮ್ಮಿನಲ್ಲಿ ನಾಯಿಯೇ ಇಲ್ಲವಂತೆ.
ಮೂಗಿಗೆ ಕಡ್ಡಿ ಹಾಕುತ್ತೀರಾ ಅಂತ ಕೇಳಿದೆ. ಭಯಕ್ಕಲ್ಲ, ಸುಮ್ಮನೆ. ಇಲ್ಲವಂತೆ, ಸೂಜಿಯೂ ಇಲ್ಲ. ಕಡ್ಡಿಯ ತುದಿಗೆ ಸ್ಪಂಜು. ಒಸಡಿಗೆ ಒಂದು ನಿಮಿಷ ಉಜ್ಜಿದರು, ಮುಗಿಯಿತು. ಮೂಗಿನ ಕಡ್ಡಿಗೆ ಹೆದರಿ ದೊಡ್ಡವರು ಬರುವುದೇ ಇಲ್ಲ, ಕಾಯಿಲೆ ಎಲ್ಲೆಲ್ಲಿದೆ ಗೊತ್ತಾಗುವುದಿಲ್ಲ, ಅದಕ್ಕೇ ಸ್ಪಂಜು ಹಿಡಿದು ಈ ಸರ್ವೆ ನಡೆಸುತ್ತಿದ್ದೇವೆ ಅಂದರು. ವರದಿ ಬರುವ ತನಕ ಅಡುಗೆಮನೆಯಿಂದಲೂ ದೂರ.

ಜೂನ್ 13
ಪಾಸಿಟಿವ್. ತೊಟ್ಟಿಲನ್ನು ವೀಡಿಯೊ ಕಾಲಿನಲ್ಲಿ ನೋಡಿದ್ದಾಯಿತು. ಸರಸನ ಮಗಳು, ಕೂಸಿನ ಅಮ್ಮ ವೀಕ್ಷಾ ಅದರಲ್ಲೂ "ಮಾಮ, ಕಿಟ್ಟ ವರಾದೀಂಗ" ಅಂದಳು, ಹತ್ತಿರ ಬರಬೇಡಿ ಅಂತ. ಫೋನಿನ ಹತ್ತಿರ ಬಂದರೂ ಅಂಟುತ್ತದೆಯೇ!
ಐದು ದಿನದ ಮಾತ್ರೆ. ಹೋಟೆಲಿನ ಕೆಮ್ಮಿನವರೆಲ್ಲ ಸ್ಪಂಜು ಕಚ್ಚಿ ಬಂದಿದ್ದಾರೆ.

ಜೂನ್ 22
ಸಪ್ಲೈಯರ್ ಬಾಬುವಿಗೂ ಉಂಟು. ಧೂಳು, ಧೂಳು ಅನ್ನುತ್ತಿದ್ದ. ಅವನ ಮನೆಯಲ್ಲೂ ಕೈಕೂಸು. ಮನೆಮಂದಿಗೆಲ್ಲ ಔಷಧಿ ಕೊಟ್ಟರು, ಕೂಸು ಪಾರು. ಕಂಡುಹಿಡಿದದ್ದು ನಾನೇ ಎಂದೆ. ಸುಮತಿಯವರು ಒಪ್ಪುವುದಿಲ್ಲ.

ಜುಲೈ 9, ಸಂಜೆ
ಕೂಸಿಗೆ ಇಂಜೆಕ್ಷನ್ ಆಯಿತು. ನನ್ನ ಕೆಮ್ಮು ಇನ್ನು ಅಂಟುವುದಿಲ್ಲ ಅಂತ ಡಾಕ್ಟರ್. ಸರಸ ತಾನೇ ಫೋನ್ ಮಾಡಿದಳು — "ಬಾ ಮಾರಾಯ, ಸಾಕು ವನವಾಸ." ಅವಳ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ, ಎಡಗೈಯಲ್ಲಿ ಕೂಸು. ನೋಡಲು ನನ್ನ ಹಾಗೆಯೇ. ಏನು ಹಿಡಿತ ಇದರದ್ದು... ಏಯ್, ಪೆನ್ನು ಬಿ—