ತಪ್ಪು ಹಿಡಿದವರ ಕೈಯಿಂದ ಪದಕ

ಭಾನುವಾರ, ೧೭ನೇ ತಾರೀಕು
ಮನೆ, ಹಿಂದಿನ ಕೋಣೆ

ಪ್ರೀತಿಯ ಅಕ್ಕನಿಗೆ,

ನೀನು ಹೇಗಿದ್ದೀಯ, ಭಾವ ಹೇಗಿದ್ದಾರೆ, ಪುಟ್ಟಿಗೆ ಹಲ್ಲು ಬಂತಾ ಅಂತ ಮೊದಲೇ ಕೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಪುರಾಣದಲ್ಲಿ ಮರೆತೇ ಹೋಗುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಕೆಲವರಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಚೆನ್ನಾಗಿದ್ದಾರೆ.

ಬರೆಯುವುದು ತಡವಾಯಿತು, ಬೈಯಬೇಡ. ಫಂಕ್ಷನ್ ಹೇಗಾಯಿತು ಅಂತ ನೀನು ಫೋನ್ ಮಾಡಿದಾಗಲೆಲ್ಲ ನಾನು "ಚೆನ್ನಾಗಾಯ್ತು, ಆಮೇಲೆ ಹೇಳ್ತೀನಿ" ಅಂದು ಅಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದೆ. ಏನು ಮಾಡಲಿ, ಫೋನಿನ ಪಕ್ಕದಲ್ಲೇ ಅಪ್ಪ ಕೂತಿರುತ್ತಾರೆ. ಅದೂ ಅಲ್ಲದೆ ಆ ಪದಕ ಬಂದವನಿಗೂ ನೀನು ಅಕ್ಕ. ಅವನ ಮೇಲೆ ನಿನ್ನ ಹತ್ತಿರ ಚಾಡಿ ಹೇಳಿದರೆ ಅರ್ಧ ನೀನು ಕೇಳುತ್ತೀಯ, ಅರ್ಧ ಅವನಿಗೇ ಹೇಳುತ್ತೀಯ. ಈ ಕಾಗದ ಮಾತ್ರ ಹರಿದುಹಾಕು. ಭಾವನಿಗೂ ತೋರಿಸಬೇಡ.

ಮೊದಲಿಂದ ಹೇಳುತ್ತೇನೆ. ಹೋದ ತಿಂಗಳು ನಮ್ಮ ಭೂತಗನ್ನಡಿ ಮನೆಗೆ ಬಂದ. ನಮ್ಮನೆಯಲ್ಲೇ ಬೆಳೆದ ಚಿಕ್ಕಮ್ಮನ ಮಗ ಅನ್ನು, ನಿನ್ನ ಮುದ್ದಿನ ತಮ್ಮ ಅನ್ನು, ನನಗೆ ಅವನು ಭೂತಗನ್ನಡಿಯೇ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ನಾವೆಲ್ಲ ಉಗುಳುತ್ತಿದ್ದೆವು. ಇವನು ಅದನ್ನು ತೊಳೆದು ತಟ್ಟೆಯ ಅಂಚಿನಲ್ಲಿಟ್ಟು ನೋಡುತ್ತಿದ್ದ. ಆ ಹೆಸರು ಇಟ್ಟವನೂ ನಾನೇ. ಅದಕ್ಕೊಂದು ಪದಕ ನನಗೆ ಬರಬೇಕಿತ್ತು, ಹೋಗಲಿ.

ಅವನ ಕೈಯಲ್ಲಿ ಸರ್ಕಾರದ ಮುದ್ರೆ ಒತ್ತಿದ ಆಹ್ವಾನ ಪತ್ರ ಇತ್ತು. ಅಪ್ಪ ಕನ್ನಡಕ ಒರೆಸಿಕೊಂಡು, "ಅತ್ಯುತ್ತಮ ಸಾರ್ವಜನಿಕ ಸೇವೆ" ಅಂತ ಜೋರಾಗಿ ಓದಿದರು. ಸರ್ಕಾರದ ಕೆಲಸಗಳು ನೆಟ್ಟಗೆ ನಡೆದಿವೆಯಾ ಅಂತ ನೋಡುವ ತಪಾಸಣೆಯವರಿಗೆ ವರ್ಷಕ್ಕೊಮ್ಮೆ ಕೊಡುವ ಪದಕವಂತೆ.

"ಅಂದ್ರೆ ಯಾತಕ್ಕೆ ಕೊಡ್ತಾರೆ?" ಅಂದಳು ಅಮ್ಮ.

"ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿದ್ದಕ್ಕೆ ಕಣಮ್ಮ," ಅಂದೆ ನಾನು. "ಹಾಗಿದ್ರೆ ಮೊದಲು ಅಪ್ಪಂಗೆ ಕೊಡ್ಬೇಕಿತ್ತು."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಭೂತಗನ್ನಡಿ ಮಾತ್ರ ನನ್ನನ್ನು ನೋಡಿ, "ನೀನು ತಮಾಷೆಗೆ ಹೇಳಿದ್ದು ನಿಜ ಕಣೋ," ಅಂದ. ಅವನ ಜೊತೆ ಇದೇ ಕಷ್ಟ ನೋಡು. ಚುಚ್ಚಿದರೆ ಚುಚ್ಚಿಸಿಕೊಳ್ಳುವುದೂ ಇಲ್ಲ.

ಅವನು ಮಾಡಿದ್ದಾದರೂ ಏನು ಗೊತ್ತಾ? ಹೆಣ್ಣುಮಕ್ಕಳಿಗೆ ಅಂತ ಸರ್ಕಾರ ಒಂದು ದೊಡ್ಡ ಹಾಸ್ಟೆಲ್ ಕಟ್ಟಿಸಿತ್ತು. ಎಲ್ಲ ಸರಿಯಾಗಿದೆ ಅಂತ ಎಲ್ಲರೂ ಸಹಿ ಹಾಕಿದ್ದರು, ಉದ್ಘಾಟನೆಗೆ ರಿಬ್ಬನ್ ಕೂಡ ತಂದಾಗಿತ್ತು. ಇವನು ಹೋಗಿ, "ಬೆಂಕಿ ಬಿದ್ದರೆ ಓಡೋ ಬಾಗಿಲು ಇವೆಯಲ್ಲ, ಒಂದೊಂದೇ ತೆಗೀರಿ," ಅಂದನಂತೆ. "ಬೀಗದ ಕೈ ಇಲ್ಲ ಸಾರ್," ಅಂದರಂತೆ. "ಬರೋವರೆಗೂ ಕೂತಿರ್ತೀನಿ," ಅಂತ ಮೆಟ್ಟಿಲ ಮೇಲೆ ಕೂತನಂತೆ. ಸಾಯಂಕಾಲಕ್ಕೆ ಬೀಗದ ಕೈ ಬಂತು. ಬಾಗಿಲು ತೆಗೆದರೆ ಆಚೆ ಗೋಡೆ! ಪಕ್ಕದ ಕಟ್ಟಡದ ಗೋಡೆಗೆ ಬಾಗಿಲು ಕೂರಿಸಿದ್ದರು. ವರ್ಗ ಮಾಡಿಸುತ್ತೇವೆ ಅಂತ ಹೆದರಿಸಿದರಂತೆ, ಮೇಲಿನವರಿಂದ ಫೋನ್ ಮಾಡಿಸಿದರಂತೆ, ಇವನು ಜಗ್ಗಲಿಲ್ಲ. ಹೊರಗಿಳಿಯಲು ಬೇರೆ ಮೆಟ್ಟಿಲು ಕಟ್ಟಿದ ಮೇಲೇ ಆ ಹುಡುಗಿಯರು ಒಳಗೆ ಹೋದದ್ದು.

ಒಳ್ಳೆಯ ಕೆಲಸವೇ. ಅಲ್ಲ ಅಂದವರ್ಯಾರು? ಆದರೆ ಅಪ್ಪ ಇದನ್ನು ಹಾಲಿನವನಿಗೆ ಹೇಳಿದರು, ಕ್ಷೌರದ ಅಂಗಡಿಯಲ್ಲಿ ಹೇಳಿದರು, ಮೀಟರ್ ನೋಡಲು ಬಂದವನನ್ನು ಕೂರಿಸಿಕೊಂಡು ಹೇಳಿದರು. ಪ್ರತಿ ಸಲವೂ ಬಾಗಿಲು ತೆಗೆಯುವ ಜಾಗ ಬಂದಾಗ ಕೈ ಮುಂದೆ ಮಾಡಿ ಹಿಡಿಕೆ ತಿರುಗಿಸುತ್ತಿದ್ದರು. ನಾನೂ ದಿನಾ ಎಷ್ಟೋ ಬಾಗಿಲು ತೆಗೆಯುತ್ತೇನೆ ಕಣಕ್ಕ, ಯಾರೂ ಚಪ್ಪಾಳೆ ತಟ್ಟಲ್ಲ.

ಅಷ್ಟರಲ್ಲಿ ಒಂದು ತಮಾಷೆ ಆಯಿತು. ಆ ಫಂಕ್ಷನ್ನಿನ ಮೈಕು, ಸ್ಪೀಕರ್ ಗುತ್ತಿಗೆ ನಾನೀಗ ಕೆಲಸ ಮಾಡುವ ಸೌಂಡ್ ಅಂಗಡಿಗೇ ಬಂತು. ಯಜಮಾನರಿಗೆ ಸೊಂಟ ಹಿಡಿದುಕೊಂಡಿತ್ತು. ನನ್ನನ್ನು ಕರೆದು, "ಈ ಸಲ ಮಿಕ್ಸರ್ ನೀನೇ ನೋಡ್ಕೋ. ದೊಡ್ಡೋರೆಲ್ಲ ಬರ್ತಾರೆ, ಕುಂಯ್ ಅನ್ನಿಸಿದ್ಯೋ ನಿನ್ನ ಕಿವಿ ನನ್ನ ಕೈಲಿ," ಅಂದರು. ಇಡೀ ಫಂಕ್ಷನ್ ಹಾಲ್ ನನ್ನ ಕೈಗೆ ಬಂದದ್ದು ಅದೇ ಮೊದಲು.

ಮೊಬೈಲ್ ಅಂಗಡಿ ಬಿಟ್ಟೆ, ಕೊರಿಯರ್ ಬಿಟ್ಟೆ, ಪ್ರೆಸ್ಸು ಬಿಟ್ಟೆ ಅಂತ ಅಪ್ಪ ನನ್ನನ್ನು ಎಷ್ಟು ಹಂಗಿಸಿದ್ದಾರೆ ನಿನಗೆ ಗೊತ್ತು. ಆದರೆ ಈ ಕೆಲಸ ಹಾಗಲ್ಲ. ಮೈಕಿನ ಮುಂದೆ ಯಾರು ಬಂದರೂ ಅವರ ದನಿ ಮಿಕ್ಸರಿನ ಗುಂಡಿಯಾಗಿ ನನ್ನ ಬೆರಳಿನ ಕೆಳಗೆ ಬರುತ್ತದೆ, ಏರಿಸುವುದೂ ಇಳಿಸುವುದೂ ನಾನೇ. ಅದನ್ನು ಅಪ್ಪ ಒಂದು ಸಲ ಕಣ್ಣಾರೆ ನೋಡಲಿ ಅನ್ನುವುದು ನನ್ನ ಆಸೆ. ಮನೆಗೆ ಬಂದು ಹೇಳಿದೆ.

"ಅಪ್ಪ, ಅವತ್ತು ಹಾಲಲ್ಲಿ ಸೌಂಡು ಪೂರ್ತಿ ನಂದೇ."

"ವೈರೆಲ್ಲ ಸರಿಯಾಗಿ ನೋಡ್ಕೊಂಡಿದ್ದೀಯಾ?"

"ಇನ್ನೂ ಹಾಲಿಗೇ ಹೋಗಿಲ್ಲಪ್ಪ!"

"ಹೋದ ಮೇಲಾದ್ರೂ ನೋಡು," ಅಂದು ಪೇಪರ್ ತೆಗೆದುಕೊಂಡರು.

ಬಸ್ ಡಿಪೋದಲ್ಲಿ ಆಯುಸ್ಸೆಲ್ಲ ಬ್ರೇಕ್ ಪರೀಕ್ಷೆ ಮಾಡಿದ ಮನುಷ್ಯ. ತಾವೇ ಅಡಿಗೆ ನುಗ್ಗಿ ನೋಡದೆ ಒಂದು ಬಸ್ಸನ್ನೂ ಹೊರಗೆ ಬಿಡುತ್ತಿರಲಿಲ್ಲ. ನಮ್ಮನ್ನೂ ಹಾಗೇ ಸಾಕಿದರು. ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮೊದಲು ಸ್ಕೂಲಿಗೇ ಬಂದು ಇಡೀ ಕ್ಲಾಸಿನ ಮುಂದೆ ಮೇಷ್ಟ್ರನ್ನು, "ಇದು ನಿಜವಾ?" ಅಂತ ಕೇಳಿದ್ದರಲ್ಲ, ನೆನಪಿದೆಯಾ? ಹತ್ತನೇ ಕ್ಲಾಸ್ ಮುಗಿದದ್ದೇ ಆ ಗೇಟಿಗೆ ಕೈಮುಗಿದೆ. ಭೂತಗನ್ನಡಿಯ ಕಾರ್ಡಿಗೂ ಹಾಗೇ ಮಾಡಿದರು. ಅವನು ಅಪ್ಪನ ಪಕ್ಕದಲ್ಲೇ ನಿಂತುಕೊಂಡು, "ದೊಡ್ಡಪ್ಪ, ಲೆಕ್ಕದ ಮಾರ್ಕ್ಸೂ ಕೇಳಿ," ಅಂದಿದ್ದ. ಒಂದೇ ಕೈಯಿಂದ ತಿಂದ ಏಟು, ಅವನಿಗೆ ಗೊಬ್ಬರ ಆಯಿತು, ನನಗೆ ಬರೆ ಆಯಿತು.

ಇರಲಿ, ಫಂಕ್ಷನ್ನಿಗೆ ಬರುತ್ತೇನೆ. ಬೆಳಕು ಹರಿಯುವುದಕ್ಕೆ ಮುಂಚೆಯೇ ಹೋಗಿ ವೈರೆಲ್ಲ ಎಳೆದು, ಕಾಲಿಗೆ ಸಿಕ್ಕದ ಹಾಗೆ ಟೇಪು ಅಂಟಿಸಿದೆ. ಇಸ್ತ್ರಿ ಮಾಡಿದ ಅಂಗಿ ಬೇರೆ. ಮಿಕ್ಸರ್ ಟೇಬಲ್ಲನ್ನು ಬೇಕಂತಲೇ ಪಕ್ಕದ ಗೋಡೆಗೆ ಹಾಕಿಸಿದೆ, ಮುಂದಿನ ಸಾಲಿನಿಂದ ತಲೆ ತಿರುಗಿಸಿದರೆ ಕಾಣಲಿ ಅಂತ. ಅಪ್ಪ, ಅಮ್ಮ ಮುಂದಿನ ಸಾಲಿನಲ್ಲಿ ಕೂತರು. ಅಮ್ಮ ನನ್ನ ಕಡೆ ಕೈ ಬೀಸಿದಳು, ಪಕ್ಕದಲ್ಲಿ ಕೂತಿದ್ದ ಯಾರೋ ಆಫೀಸರ್ ಹೆಂಡತಿಗೆ ನನ್ನನ್ನು ತೋರಿಸಿದಳು ಕೂಡ. ಅಪ್ಪ ಸ್ಟೇಜನ್ನೇ ನೋಡುತ್ತಿದ್ದರು. ಪರದೆಯ ಕೊಕ್ಕೆ ಭದ್ರವಾಗಿದೆಯಾ ಅಂತ ನೋಡುತ್ತಿದ್ದರೋ ಏನೋ, ಹೇಳೋಕಾಗಲ್ಲ.

ಆ ತಪಾಸಣೆಯವರ ಕಚೇರಿಯಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಪದಕ ಹಾಕುವುದು ಮಂತ್ರಿಯೂ ಅಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಪದಕ ಪಡೆಯುವವರು, ತಮ್ಮ ತಪ್ಪನ್ನು ಯಾವತ್ತೋ ಹಿಡಿದ ಒಬ್ಬರನ್ನು ಸಭೆಯಿಂದ ಕರೆಯಬೇಕು. ಯಾವ ತಪ್ಪು ಅಂತ ಎಲ್ಲರ ಮುಂದೆ ಹೇಳಬೇಕು. ಆಮೇಲೆ ಅವರ ಕೈಯಿಂದಲೇ ಹಾಕಿಸಿಕೊಳ್ಳಬೇಕು. ಬೇರೆಯವರ ತಪ್ಪು ಹಿಡಿಯುವ ಕೆಲಸದವರಿಗೆ ತಲೆ ತಿರುಗಬಾರದು ಅಂತ ಹಾಗೆ ಮಾಡಿದ್ದಾರಂತೆ. ಒಬ್ಬ ವಯಸ್ಸಾದ ಲೆಕ್ಕ ತಪಾಸಣೆಯವರು ಹೆಂಡತಿಯನ್ನೇ ಕರೆದರು. "ಸಿಗರೇಟು ಬಿಟ್ಟಿದ್ದೀನಿ ಅಂತ ರಿಪೋರ್ಟ್ ಕೊಟ್ಟಿದ್ದೆ, ಸ್ಥಳ ಪರಿಶೀಲನೆಗೆ ಬಂದುಬಿಟ್ಟಳು," ಅಂದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಸ್ಪತ್ರೆಗಳ ತಪಾಸಣೆ ಮಾಡುವ ಒಬ್ಬ ಮೇಡಂ ತಮ್ಮ ಕೈಕೆಳಗಿನ ಹುಡುಗಿಯನ್ನು ಕರೆದರು.

ಆಮೇಲೆ ಭೂತಗನ್ನಡಿ ಬಂದ. ಕೋಟು ಹಾಕಿದ್ದ, ಚೆನ್ನಾಗಿ ಕಾಣುತ್ತಿದ್ದ, ಅದೂ ಒಂದು ಸಿಟ್ಟು. "ನನ್ನನ್ನು ಸಾಕಿದ ದೊಡ್ಡಪ್ಪ ಬರಬೇಕು," ಅಂದ.

ಅವನು ಹೇಳಿದ ತಪ್ಪು ಯಾವುದು ಗೊತ್ತಾ? ಸೈಕಲ್ಲು! "ಚಿಕ್ಕವನಿದ್ದಾಗ ಮನೆಯ ಸೈಕಲ್ಲಿನ ಬ್ರೇಕ್ ನೋಡು ಅಂದಿದ್ದರು. ನೋಡದೆಯೇ, ನೋಡಿದೆ ಅಂದೆ. ಮನೆಯ ಒಬ್ಬ ಹುಡುಗ ಇಳಿಜಾರಲ್ಲಿ ಬಿದ್ದು ಕೈ ಮುರ್ಕೊಂಡ. ದೊಡ್ಡಪ್ಪ ನನ್ನನ್ನು ಹೊಡೆಯಲಿಲ್ಲ. ಡಿಪೋಗೆ ಕರ್ಕೊಂಡು ಹೋಗಿ ಬಸ್ಸಿನ ಅಡಿಗೆ ಮಲಗಿಸಿ, ಇಡೀ ದಿನ ತೋರಿಸಿದರು. ಅವತ್ತಿಂದ ನೋಡದೆ ಯಾವುದಕ್ಕೂ ಸರಿ ಅಂದಿಲ್ಲ," ಅಂದ.

ಮನೆಯ ಒಬ್ಬ ಹುಡುಗ! ಅಕ್ಕ, ಆ ಹುಡುಗ ನಾನು. ಮುರಿದದ್ದು ನನ್ನ ಕೈ. ಇವನನ್ನು ಬಸ್ಸಿನ ಅಡಿಗೆ ಮಲಗಿಸಿ ವಿದ್ಯೆ ಹೇಳಿಕೊಟ್ಟ ದಿನ ನಾನು ಪ್ಲಾಸ್ಟರ್ ಹಾಕಿಕೊಂಡು ಒಬ್ಬನೇ ಮನೆಯಲ್ಲಿ ಮಲಗಿದ್ದೆ. ನನಗೆ ಅಪ್ಪ ಹೇಳಿದ್ದು, "ಅಷ್ಟು ಜೋರಾಗಿ ಯಾಕೋ ಹೋದೆ?" ಅಂತ ಮಾತ್ರ. ಬಿದ್ದವನು ನಾನು, ಎದ್ದವನು ಅವನು. ಚಪ್ಪಾಳೆ ನಿಲ್ಲಲೇ ಇಲ್ಲ. ಆ ಚಪ್ಪಾಳೆಯ ನಡುವೆ ಅವನ ಮೈಕು ಆಫ್ ಮಾಡಿಬಿಡೋಣ ಅನ್ನಿಸಿತು, ಸುಳ್ಳು ಹೇಳಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಮಾಡಲಿಲ್ಲ. ಯಜಮಾನರ ಮರ್ಯಾದೆ ಪ್ರಶ್ನೆ.

ಅಪ್ಪ ಸ್ಟೇಜ್ ಹತ್ತಿದರು. ಪದಕದ ಕೊಕ್ಕೆಯನ್ನು ಎಳೆದು ನೋಡಿದರು, ಎಲ್ಲರೂ ಮತ್ತೆ ನಕ್ಕರು. ಅವನ ಕೊರಳಿಗೆ ಹಾಕಿ, ಕೋಟಿನ ಕಾಲರ್ ಸರಿಮಾಡಿ, ಅವನ ಕೆನ್ನೆ ಮುಟ್ಟಿದರು. ಅಪ್ಪ ಅಳುತ್ತಿದ್ದರು ಕಣಕ್ಕ. ನಿನ್ನ ಮದುವೆಯಲ್ಲೂ ಅಳದ ಮನುಷ್ಯ. ನಿರೂಪಣೆ ಮಾಡುವ ಮೇಡಂ ಅಪ್ಪನ ಮುಂದೆ ಮೈಕು ಹಿಡಿದು ಏನೋ ಕೇಳಿದರು, ಅಪ್ಪ ಏನೋ ಒಂದೆರಡು ಮಾತು ಹೇಳಿದರು. ವಿಶೇಷ ಏನಿಲ್ಲ. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಹಾಲು ಖಾಲಿಯಾದ ಮೇಲೆ ನಾನು ವೈರ್ ಸುತ್ತುತ್ತಿದ್ದೆ. ಭೂತಗನ್ನಡಿ ಊಟ ಬಿಟ್ಟು ಬಂದ. "ಸೌಂಡು ಗಂಟೆ ಹೊಡೆದ ಹಾಗಿತ್ತು ಕಣೋ," ಅಂದು, ಕೋಟು ಕುರ್ಚಿಗೆ ಹಾಕಿ, ತಾನೂ ಒಂದು ವೈರ್ ತೆಗೆದುಕೊಂಡು ಮೊಣಕೈಗೆ ಸುತ್ತತೊಡಗಿದ.

"ಏಯ್, ಮೊಣಕೈಗೆ ಸುತ್ತಬೇಡ. ಒಳಗೆ ತಂತಿ ತಿರುಚಿಕೊಳ್ಳುತ್ತೆ. ಅಗಲವಾಗಿ ಕೈಯಲ್ಲೇ ಸುತ್ತು."

"ಸಿಕ್ಕಿಬಿದ್ದೆ ನೋಡು. ಮುಂದಿನ ಪದಕ ನಿನ್ನ ಕೈಯಿಂದಲೇ," ಅಂದ.

"ಇನ್ನೂ ಒಂದು ಬೇರೆ ಬೇಕಾ ನಿಂಗೆ?"

ನಕ್ಕ. ಆಮೇಲೆ ಮೆಲ್ಲಗೆ, "ಸೈಕಲ್ ವಿಷಯದಲ್ಲಿ ನಿನ್ನನ್ನೂ ಸ್ಟೇಜಿಗೆ ಕರೀಬೇಕಿತ್ತು. ನೀನು ಮಿಕ್ಸರ್ ಬಿಟ್ಟು ಬರೋ ಹಾಗಿರಲಿಲ್ವಲ್ಲ," ಅಂದ. ಇನ್ನೂ ಏನೋ ಹೇಳುವವನಿದ್ದ. ನನ್ನ ಮುಖ ನೋಡಿ ಇನ್ನೊಂದು ವೈರ್ ಎತ್ತಿಕೊಂಡ. ಎಲ್ಲ ವೈರೂ ಸುತ್ತಿ, ಸ್ಪೀಕರ್ ವ್ಯಾನಿಗೆ ಎತ್ತಿಕೊಟ್ಟು ಹೋದ. ಪದಕ ಕೊರಳಲ್ಲೇ ಇತ್ತು, ಸ್ಪೀಕರಿಗೆ ತಾಗಿ ಟಣ್ ಟಣ್ ಅನ್ನುತ್ತಿತ್ತು. ಕೆಟ್ಟವನಾಗಿದ್ದಿದ್ದರೆ ಎಷ್ಟು ಸುಲಭ ಆಗುತ್ತಿತ್ತು ಹೇಳು! ಹಾಯಾಗಿ ದ್ವೇಷ ಮಾಡಿಕೊಂಡು ಇರಬಹುದಿತ್ತು.

ಯಜಮಾನರಿಗೆ ಖುಷಿಯಾಗಿದೆ. ಮುಂದಿನ ಕಾರ್ಯಕ್ರಮವೂ ನನಗೇ ಅಂದಿದ್ದಾರೆ. ಈ ಕೆಲಸ ಬಿಡಲ್ಲ ಅಂತ ಅಂದುಕೊಂಡಿದ್ದೇನೆ. ಅಂದುಕೊಂಡದ್ದು ಎಷ್ಟು ದಿನವೋ, ನಿನಗೆ ನನ್ನ ವಿಷಯ ಗೊತ್ತಲ್ಲ. ಪದಕ ಈಗ ನಮ್ಮ ಮನೆಯಲ್ಲೇ ಇದೆ. ಅವನೇ ತಂದು ಅಪ್ಪನಿಗೆ ಕೊಟ್ಟ. ಅಪ್ಪ ಅದನ್ನು ಟಿವಿ ಪಕ್ಕದ ಮೊಳೆಗೆ ನೇತುಹಾಕಿ, ಮೊಳೆ ಭದ್ರವಾಗಿದೆಯಾ ಅಂತ ದಿನಾ ಎಳೆದು ನೋಡುತ್ತಾರೆ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ಅವಳು ನಿನ್ನ ಹಾಗೆ ಜಾಣೆಯಾಗಲಿ, ಮಾವನ ಹಾಗೆ ತಿರುಗಾಡಿ ಆಗದಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವು ಮೂವರೂ ನೂರು ಕಾಲ ಸುಖವಾಗಿರಿ. ಚಿಕ್ಕವನು ಹರಸಬಾರದು ಅಂತ ನಗಬೇಡ, ಮನಸ್ಸಿನಿಂದ ಬರೆದಿದ್ದೇನೆ.

ನಿನ್ನ ತಮ್ಮ,
ಬುಗುರಿ

ಮರೆತದ್ದು: ಹಾಗಂತ ಬರೆದೆ ಅಷ್ಟೇ, ಮರೆತಿಲ್ಲ. ಆ ಮೇಡಂ ಅಪ್ಪನನ್ನು ಕೇಳಿದ್ದು, "ನಿಮಗೆ ಎಷ್ಟು ಜನ ಮಕ್ಕಳು?" ಅಂತ. ಅಪ್ಪನ ದನಿ ನಿನಗೆ ಗೊತ್ತಲ್ಲ, ಸಣ್ಣದು. ಅಳುತ್ತಿದ್ದರಿಂದ ಇನ್ನೂ ಇಳಿದುಹೋಗಿತ್ತು. ಹಿಂದಿನ ಸಾಲಿನವರಿಗೆ ಕೇಳಿಸಲಿ ಅಂತ ನಾನೇ ಗುಂಡಿ ಮೇಲಕ್ಕೆ ತಳ್ಳಿದೆ. "ಒಬ್ಬಳು ಮಗಳು, ಒಬ್ಬ ಮಗ," ಅಂದರು ಅಪ್ಪ. "ಮಗಳು ಮದುವೆಯಾಗಿ ದೂರದೂರಲ್ಲಿದ್ದಾಳೆ." ಆಮೇಲೆ ಭೂತಗನ್ನಡಿಯ ಹೆಗಲ ಮೇಲೆ ಕೈಯಿಟ್ಟು, "ಮಗ ಇವನೇ," ಅಂದರು. ಅಮ್ಮ ತಕ್ಷಣ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿ ಯಾವುದೋ ವೈರ್ ಹುಡುಕುವವನ ಹಾಗೆ ಟೇಬಲ್ಲಿನ ಕೆಳಗೆ ಕೂತುಬಿಟ್ಟೆ. ಒಂದು ಚೂರೂ ಗೊರಗೊರ ಇಲ್ಲದೆ, ಕೊನೆಯ ಕುರ್ಚಿಯವರೆಗೂ ಚೆನ್ನಾಗಿ ಕೇಳಿಸಿತಂತೆ. ಅಕ್ಕ, ನೀನು ಅಪ್ಪನನ್ನು ಇದರ ಬಗ್ಗೆ ಕೇಳಬೇಡ. ಬಾಯಿತಪ್ಪಿ ಬಂತು ಅಂದರೆ ಸರಿ. ಅಲ್ಲ ಅಂದುಬಿಟ್ಟರೆ?