ಒಂದು ಬೀಗ, ಇಬ್ಬರು ಭಾವಂದಿರು

ಮಾರ್ಚ್ 4, ಮಂಗಳವಾರ. ಸಂಜೆ

ಪಲ್ಪರ್ ಶಟ್‌ಡೌನ್, ಅರ್ಧ ದಿನ. ಕಾಗದವನ್ನು ನೀರಲ್ಲಿ ಅರೆಯುವ ಆ ತೊಟ್ಟಿಯ ತಳದಲ್ಲಿ ತಂತಿ ಸಿಕ್ಕಿಕೊಂಡಿತ್ತು. ರದ್ದಿ ಕಾಗದದ ಬೇಲು ಕಟ್ಟಿದ ತಂತಿಯನ್ನು ಯಾರೂ ಪೂರ್ತಿ ಬಿಚ್ಚುವುದಿಲ್ಲ. ಕಾಗದದ ಜೊತೆ ಅದೂ ಬೀಳುತ್ತದೆ, ತಳದಲ್ಲಿ ತಿರುಗುವ ರೋಟರಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಮನುಷ್ಯರು ಇಳಿದು ಕತ್ತರಿಸಬೇಕು.

ಎಂದಿನಂತೆ ನಾಲ್ಕು ಕಡೆ ಬೀಗ. ರೋಟರಿನ ಮೋಟಾರು, ಕನ್ವೇಯರು, ನೀರಿನ ವಾಲ್ವು, ಕೆಳಗಿನ ಡ್ರೇನು. ನಾಲ್ಕೂ ಕೀಲಿಕೈ ಕೆಂಪು ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಬಾಯಿಗೆ ತೊಟ್ಟಿಗೆ ಇಳಿಯುವವರ ಬೀಗ. ಕೊನೆಯವನು ತನ್ನ ಬೀಗ ತೆಗೆಯುವವರೆಗೆ ಪೆಟ್ಟಿಗೆ ತೆರೆಯದು, ಕೀಲಿಕೈ ಸಿಗದು, ಮೋಟಾರು ತಿರುಗದು. ಇಷ್ಟೇ ವಿಷಯ. ಹೊಸಬರಿಗೆ ನಾನೇ ಹೇಳಿಕೊಡುವುದು. ಪೆಟ್ಟಿಗೆ ನನ್ನ ಸುಪರ್ದಿಯಲ್ಲಿದೆ.

ಕಂಪನಿಯ ಫಿಟ್ಟರುಗಳಿಗೆ ತಲೆಗೊಂದು ಬೀಗ, ಫೋಟೋ ಅಂಟಿಸಿದ ಟ್ಯಾಗು. ಕಾಂಟ್ರ್ಯಾಕ್ಟಿನವರಿಗೆ ಇಡೀ ಗುಂಪಿಗೆ ಒಂದು. ಮೇಸ್ತ್ರಿ ಹಾಕುತ್ತಾನೆ, ಮೇಸ್ತ್ರಿ ತೆಗೆಯುತ್ತಾನೆ. ನನಗೂ ಒಂದು ಕೊಟ್ಟಿದ್ದಾರೆ. ನಾನು ಇಳಿಯುವವನಲ್ಲ. ಡ್ರಾಯರಿನಲ್ಲಿದೆ, ಹೊಸಬರಿಗೆ ತೋರಿಸಲು.

ಭಾವ ಕಾಂಟ್ರ್ಯಾಕ್ಟಿನವರ ಗುಂಪಿನಲ್ಲಿ. ಹೆಂಡತಿಯ ಅಣ್ಣ. ಇದ್ದ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಸೇರಿಸಿದ್ದು ನಾನು. ಒಂಟಿ ಜೀವ, ನಮ್ಮ ಮೇಲಿನ ಕೋಣೆಯಲ್ಲಿದ್ದಾರೆ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಭಾವ ಎನ್ನುತ್ತಾರೆ. ಕೇಳಿ ಕೇಳಿ ಈಗ ಇಡೀ ಮಿಲ್ಲಿಗೆ ನಾವಿಬ್ಬರೂ ಭಾವ. ಯಾರಾದರೂ ಕರೆದರೆ ಇಬ್ಬರೂ ತಿರುಗುತ್ತೇವೆ.

ಇವತ್ತು ಪೆಟ್ಟಿಗೆಯ ಮುಂದೆ ನಿಂತು, "ಹೆಂಡ್ತಿ ಹೋದ್ಲು, ಮಕ್ಕಳಾಗ್ಲಿಲ್ಲ. ನನ್ನ ಹಣೇಲಿ ಬೀಗರೂ ಇಲ್ಲ, ಬೀಗಾನೂ ಇಲ್ಲ ಭಾವ" ಎಂದರು. ಎಲ್ಲರೂ ನಕ್ಕರು. ನಾನೂ.

ಈಗ ಮೇಲೆ ಪೈಪಿನ ತುಂಡಿನಿಂದ ನೆಲ ಬಡಿಯುತ್ತಿದ್ದಾರೆ. ಎರಡು… ತಡೆದು ಇನ್ನೊಂದು. ಕಾಫಿ ಬೇಕೆಂದು ಅರ್ಥ.

"ಹೋಟ್ಲು ಅನ್ಕೊಂಡಿದಾನೆ," ಎನ್ನುತ್ತಾ ಹೆಂಡತಿ ಆಗಲೇ ಹಾಲು ಒಲೆಗಿಟ್ಟಿದ್ದಳು.

ಮಾರ್ಚ್ 6, ಗುರುವಾರ

ಮಿಲ್ಲಿನ ರದ್ದಿ ಬೇಲಿನಿಂದ ಎತ್ತಿಕೊಂಡಿದ್ದ ಕಾದಂಬರಿ ಓದುತ್ತಿದ್ದೇನೆ. ಅನುವಾದ. ರಟ್ಟಿಲ್ಲ, ಹೆಸರಿನ ಪುಟವಿಲ್ಲ. ದೋಣಿ ಕಟ್ಟುವವರ ಮನೆತನ. ಒಬ್ಬನೇ ಮನುಷ್ಯ ಒಂದು ಅಧ್ಯಾಯದಲ್ಲಿ ಭಾವ, ಮುಂದಿನದರಲ್ಲಿ ಮೈದುನ, ಆಮೇಲೆ ಷಡ್ಡಕ. ಮೂಲದಲ್ಲಿ ಎಲ್ಲಕ್ಕೂ ಒಂದೇ ಪದ ಇದ್ದಿರಬೇಕು. ಯಾರು ಯಾರಿಗೆ ಏನಾಗಬೇಕೆಂದು ಅನುವಾದಕರು ವಿಚಾರಿಸಲು ಹೋಗಿಲ್ಲ. ಪೆನ್ಸಿಲಿನಲ್ಲಿ ತಿದ್ದುತ್ತಾ ಹೋದೆ. ಆ ಜನ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಹೆಣ್ಣು ಕೊಟ್ಟ ಅತ್ತೆಯನ್ನೂ. ಎಷ್ಟು ಓದಿದರೂ ಆ ಜಾಗಗಳಲ್ಲಿ ಸ್ವಲ್ಪ ಮುಜುಗರ.

ಭಾವ ಇಣುಕಿ ನೋಡಿದರು. "ಊರವರ ಸಂಬಂಧ ಎಲ್ಲ ತಿದ್ತೀರಿ. ಮನೇವರ ಹತ್ರ ಮಾತ್ರ ಬಾಯಿ ಬಿಡಲ್ಲ."

ನಿಜ.

ಸ್ಟೋರಿನವರನ್ನು ಕೇಳಿದೆ, ಕಾಂಟ್ರ್ಯಾಕ್ಟಿನವರಿಗೂ ತಲೆಗೊಂದು ಬೀಗ ಸಿಗುತ್ತದೆಯೇ ಎಂದು. "ಹೋದ ವರ್ಷಾನೂ ಕೇಳಿದ್ರಲ್ಲ," ಎಂದರು. ಕೇಳಿದ್ದೆ.

ಮಾರ್ಚ್ 11, ಮಂಗಳವಾರ

ಕ್ರಮವಾಗಿ ಬರೆಯಬೇಕು.

ಮತ್ತೆ ತಂತಿ. ಮೂವರು ಇಳಿದಿದ್ದರು: ಭಾವ, ವೆಲ್ಡರ್, ವೆಲ್ಡರನ ತಮ್ಮ. ಪೆಟ್ಟಿಗೆಗೆ ಮೇಸ್ತ್ರಿಯ ಒಂದೇ ಬೀಗ. ಊಟದ ಹೊತ್ತಿಗೆ ಕೆಲಸ ಮುಗಿಯಿತು. ನಾನು ಕಂಬದ ಪಕ್ಕ, ತೊಟ್ಟಿಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದೆ.

"ಬಂದ್ರೇನ್ರೋ ಎಲ್ಲಾ?" ಮೇಸ್ತ್ರಿಯ ದನಿ.

"ಬಂದ್ವಿ," ಎಂದ ವೆಲ್ಡರ್, ಕೈ ತೊಳೆಯಲು ಹೋಗುತ್ತಾ. ತನ್ನ ಮತ್ತು ತಮ್ಮನ ಮಟ್ಟಿಗೆ ಹೇಳಿದ್ದು.

"ಭಾವ?"

"ಭಾವ ಅಲ್ಲಿದಾರಲ್ಲ, ಟೀ ಕುಡೀತಾ." ಹೇಳಿದವನು ಕನ್ವೇಯರಿನವನು.

ನನ್ನನ್ನು ಕರೆದರೆಂದುಕೊಂಡು ತಿರುಗಿದೆ. ಲೋಟ ಎತ್ತಿ ತೋರಿಸಿದೆ. ನಮ್ಮಿಬ್ಬರದೂ ಒಂದೇ ಹಳದಿ ಹೆಲ್ಮೆಟ್ಟು, ಒಂದೇ ನೀಲಿ ಅಂಗಿ. ಮೇಸ್ತ್ರಿ ಅಷ್ಟು ದೂರದಿಂದ ನೋಡಿ ತಲೆಯಾಡಿಸಿದ.

ಬೀಗ ತೆಗೆದ. ಪೆಟ್ಟಿಗೆಯ ಬಾಯಲ್ಲಿ ಬೇರೆ ಬೀಗವಿರಲಿಲ್ಲ. ಎಲೆಕ್ಟ್ರಿಷಿಯನ್ ಪೆಟ್ಟಿಗೆ ತೆರೆದು ಕೀಲಿಕೈಗಳನ್ನು ತೆಗೆದುಕೊಂಡು ಹೋದ. ಎಲ್ಲವೂ ನಿಯಮದ ಪ್ರಕಾರವೇ. ಏಣಿ ಮೇಲೆ ಎಳೆದರು. ಎಳೆದವನು ಇಣುಕಿದ್ದನಂತೆ, ಯಾರೂ ಕಾಣಲಿಲ್ಲವಂತೆ. ಭಾವನ ಟಾರ್ಚು ತಳದ ಕಸದ ಗುಂಡಿಗೆ ಬಿದ್ದಿತ್ತು. ಅದನ್ನು ತೆಗೆಯಲು ತಲೆ ಒಳಗೆ ತೂರಿಸಿ ರೋಟರಿನ ಮರೆಯಲ್ಲಿ ಮಲಗಿದ್ದರು.

ನೀರು ಬಿಟ್ಟರು.

ಬಡಿತ ಕೇಳಿತು. ನೀರು ಬಿಟ್ಟಾಗ ಪೈಪು ಹೊಡೆದುಕೊಳ್ಳುವುದುಂಟು. ಹಾಗೆಂದುಕೊಂಡು ಇನ್ನೊಂದು ಗುಟುಕು ಕುಡಿದೆ. ಅದನ್ನೂ ಬರೆಯಬೇಕು. ಕುಡಿದೆ.

ಎರಡು… ತಡೆದು ಇನ್ನೊಂದು. ಎರಡು… ತಡೆದು ಇನ್ನೊಂದು.

ಕಾಫಿ.

ಓಡಿದೆನೆಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿಲ್ಲ. ಕಂಟ್ರೋಲ್ ರೂಮಿನ ಗಾಜು ಬಡಿದದ್ದು ನೆನಪಿದೆ. ತೊಟ್ಟಿ ಅರ್ಧ ತುಂಬಿದ ಮೇಲೆ ರೋಟರು ತಿರುಗಿಸುತ್ತಾರೆ. ಅರ್ಧ ತುಂಬಿರಲಿಲ್ಲ. ಅವರ ಎದೆಮಟ್ಟ ಬಂದಿತ್ತು.

ಏಣಿ ಇಳಿಸಿದೆವು. ಹತ್ತಿ ಬಂದರು. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಟಾರ್ಚು. ಟಾರ್ಚು ಉರಿಯುತ್ತಲೇ ಇತ್ತು.

"ಈ ವಾರದ ಸ್ನಾನ ಆಯ್ತು," ಎಂದರು. ಎಲ್ಲರೂ ನಕ್ಕರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ.

ದಾರಿಯಲ್ಲಿ ಒಂದೇ ಮಾತು. "ಅವಳಿಗೆ ಹೇಳ್ಬೇಡಿ ಭಾವ. ಕೆಲಸ ಬಿಡಿಸಿಬಿಡ್ತಾಳೆ."

ಬಟ್ಟೆ ಯಾಕೆ ಒದ್ದೆ ಎಂದು ಅವಳು ಕೇಳಿದಳು. ಹೋಸ್‌ಪೈಪು ಕಿತ್ತು ಬಂತು ಎಂದರು. ಅವಳು ನನ್ನ ಮುಖ ನೋಡಿದಳು. ಹೂಂ ಎಂದೆ.

ಮಾರ್ಚ್ 12, ಬುಧವಾರ

ಮ್ಯಾನೇಜರ್ ಕೂರಲು ಹೇಳಿದರು. ಕೂತೆ.

"ಯಾರಿಗಾದ್ರೂ ಪೆಟ್ಟಾಯ್ತೇನ್ರಿ?"

"ಇಲ್ಲ ಸಾರ್."

"ಮತ್ತೆ ರಿಪೋರ್ಟಲ್ಲಿ ಏನಂತ ಬರೀತೀರಿ? ಒಬ್ಬ ಒದ್ದೆ ಆದ ಅಂತಲಾ?"

ಒಬ್ಬೊಬ್ಬರಿಗೂ ಬೀಗ ಬೇಕು ಎಂದೆ. ಕಾಂಟ್ರ್ಯಾಕ್ಟರನ್ನು ಕೇಳಿ, ಅವರ ಜನ, ಎಂದರು. ಕಾಂಟ್ರ್ಯಾಕ್ಟರ್ ಫೋನಿನಲ್ಲಿ, "ಬೀಗ ಕೊಟ್ರೆ ಮನೆ ಬಾಗಿಲಿಗೆ ಹಾಕ್ಕೊಂಡು ಬರ್ತಾರೆ ಸ್ವಾಮಿ. ಮೇಸ್ತ್ರಿಗೆ ಕಣ್ಣಿಲ್ವಾ?" ಎಂದರು. ಮೇಸ್ತ್ರಿಯನ್ನು ಕೇಳಿದೆ.

"ನಾನು ವಿಚಾರಿಸಿದೆ," ಎಂದ ಅವನು. "ಲೋಟ ಎತ್ತಿದ್ದು ನೀವು."

ವಾಪಸು ಬಂದು ಪೆಟ್ಟಿಗೆ ಒರೆಸಿಟ್ಟೆ.

ಮಾರ್ಚ್ 23, ಭಾನುವಾರ

ಬರೆಯಲು ಏನೂ ಇರಲಿಲ್ಲ. ಅಂದರೆ, ಮೇಲಿನಿಂದ ಸದ್ದೇ ಇಲ್ಲ. ಅಂದಿನಿಂದ ಭಾವ ನೆಲ ಬಡಿದಿಲ್ಲ. ಕಾಫಿ ಬೇಕಾದರೆ ಕೆಳಗಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ, ಪರಿಚಯವಿಲ್ಲದ ಮನೆಗೆ ಬಂದವರಂತೆ. ಸ್ನಾನಕ್ಕೆ ಕೂತರೆ ತಲೆಯ ಮೇಲೆ ನೀರು ಹುಯ್ದುಕೊಳ್ಳುವ ಶಬ್ದವಿಲ್ಲ. ಟವೆಲು ಅದ್ದಿ ಮೈ ಒರೆಸಿಕೊಳ್ಳುತ್ತಾರೆ. ಮಿಲ್ಲಿನಲ್ಲಿ ಮಾತ್ರ ಮೊದಲಿನ ಹಾಗೆಯೇ ತಮಾಷೆ.

"ಅಣ್ಣ ಯಾಕೋ ಮಂಕಾಗಿದಾನೆ," ಎಂದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ನಿಮಗೇನಾದ್ರೂ ಗೊತ್ತಾ?"

"ನನಗೇನು ಗೊತ್ತು?"

"ನಿಮ್ಮನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ."

ನಿನ್ನೆ ಹಾರ್ಡ್‌ವೇರ್ ಅಂಗಡಿಯಿಂದ ಗುಂಪಿಗಾಗುವಷ್ಟು ಬೀಗ ತಂದಿದ್ದೆ. ಹಿತ್ತಾಳೆಯವು, ಗಟ್ಟಿ. ಇವತ್ತು ಮಿಲ್ಲಿಗೆ ಹೋಗಿ ಪೆಟ್ಟಿಗೆಗೆ ಹಾಕಿ ನೋಡಿದೆ. ಕೊಂಡಿ ದಪ್ಪ. ಪೆಟ್ಟಿಗೆಯ ತೂತಿಗೆ ಹಿಡಿಯಲಿಲ್ಲ. ಇಷ್ಟು ವರ್ಷ ಆ ತೂತುಗಳನ್ನು ನೋಡಿದವನು ನಾನು. ಅಂಗಡಿಯಲ್ಲಿ ನಿಂತಾಗ ಅಳತೆ ನೆನಪಾಗಲಿಲ್ಲ.

ಮನೆಯ ಕಾಂಪೌಂಡಿನ ಗೇಟಿಗೆ ಒಂದು ಹಾಕಿದೆ. ಉಳಿದವು ಮಂಚದ ಕೆಳಗಿವೆ.

ಏಪ್ರಿಲ್ 2, ಬುಧವಾರ

ನೋಟಿಸು ಬಂತು. ಸೋಮವಾರ ಇಡೀ ದಿನ ಶಟ್‌ಡೌನ್, ರೋಟರಿನ ಬ್ಲೇಡು ಬದಲಿಸುವುದು. ಕಾಂಟ್ರ್ಯಾಕ್ಟಿನವರ ಇಡೀ ಗುಂಪು ಇಳಿಯಬೇಕು. ಒಂದು ಬೀಗ.

ಮೆಟ್ಟಿಲ ಮೇಲೆ ಭಾವ ಸಿಕ್ಕಿದರು. ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದರು. ಸೋಮವಾರ ಇಳಿಯಬೇಡಿ ಎಂದೆ. ತಲೆ ಎತ್ತಲಿಲ್ಲ.

"ಇಳಿಯಲ್ಲ ಅಂದ್ರೆ ಮೇಸ್ತ್ರಿ ನಾಳೆಯಿಂದ ಗೇಟಿಗೇ ಬರಬೇಡ ಅಂತಾನೆ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ?"

"ಮನೇಲಿರಿ. ನಾವಿಲ್ವಾ?"

"ತಂಗಿ ಮನೇಲಿ ಉಂಡು ಮಲಗೋಕಾ?" ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದರು. "ನೀವು ನಿಮ್ಮ ಪೆಟ್ಟಿಗೆ ನೋಡ್ಕೊಳ್ಳಿ ಭಾವ. ತೊಟ್ಟಿ ನಾನು ನೋಡ್ಕೋತೀನಿ."

ಚಪ್ಪಲಿ ಕಾಲಿಗೆ ಹಾಕಿ ನೋಡಿಕೊಂಡರು. ಆಮೇಲೆ ಅವರೇ ಹೇಳಿದರು.

"ಅವತ್ತು ಕೂಗಿದೆ. ಬಡಿಯೋಕಿಂತ ಮೊದಲು. ಭಾವ, ಭಾವ ಅಂತ. ನೀರಿನ ಸದ್ದಲ್ಲಿ ಕೇಳಿಸಿರಲ್ಲ ಬಿಡಿ."

ಕೇಳಿಸಿರಲಿಲ್ಲ. ಅಥವಾ ಕೇಳಿಸಿದ್ದ ಭಾವ ಎಂಬ ಕೂಗು ಯಾವುದು, ಮೇಸ್ತ್ರಿಯದೋ ಅವರದೋ… ಈಗ ಬಿಡಿಸಿ ಹೇಳಲಾರೆ.

ಏಪ್ರಿಲ್ 6, ಭಾನುವಾರ. ಸಂಜೆ

ಮಧ್ಯಾಹ್ನ ಮಿಲ್ಲಿಗೆ ಹೋಗಿ ಡ್ರಾಯರಿನಿಂದ ನನ್ನ ಬೀಗ ತಂದೆ. ಟ್ಯಾಗಿನ ಫೋಟೋದಲ್ಲಿ ತಲೆ ತುಂಬ ಕೂದಲು. ಬೀಗ ಬಿಗಿಯಾಗಿತ್ತು. ಅವಳ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ತಿರುಗಿಸಿದೆ, ಸಡಿಲವಾಯಿತು. ಕೊಂಡಿ ತೆಳ್ಳಗಿದೆ. ತೂತಿಗೆ ಸರಿಯಾಗಿ ಹಿಡಿಯುತ್ತದೆ.

ತೊಟ್ಟಿಗೆ ಇಳಿಯದವನು ಪೆಟ್ಟಿಗೆಗೆ ಬೀಗ ಹಾಕಬಾರದೆಂದು ಎಲ್ಲೂ ಬರೆದಿಲ್ಲ. ನಿಯಮದ ಪುಸ್ತಕ ಪೂರ್ತಿ ಓದಿದೆ. ನಾನು ತೆಗೆಯದಿದ್ದರೆ ಪಲ್ಪರ್ ನಿಂತೇ ಇರುತ್ತದೆ. ಮ್ಯಾನೇಜರ್ ಅದನ್ನು ಕತ್ತರಿಸಬಹುದು, ಕತ್ತರಿಸಲು ಅವರೇ ಸಹಿ ಹಾಕಬೇಕು. ನನ್ನನ್ನು ಗೇಟಿನಾಚೆ ನಿಲ್ಲಿಸಬಹುದು. ಅದಕ್ಕೂ ಸಹಿ ಬೇಕು.

ಭಾವ ಇಳಿಯುವುದನ್ನು ತಡೆಯಲಾರೆ. ಹತ್ತಿ ಬರುವುದನ್ನು ಕಾಯಬಲ್ಲೆ. ಅಷ್ಟೇ ನನ್ನ ಕೈಲಾಗುವುದು.

ಎಲ್ಲರೂ ಬಂದಿರಾ ಎಂದು ಕೇಳಬಾರದು. ತೊಟ್ಟಿಯ ಬಾಯಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಅವರು ಎದುರು ಬಂದು ನಿಂತು ಓ ಎನ್ನಬೇಕು. ವೆಲ್ಡರ್ ಎಂದಲ್ಲ, ಅವನ ತಮ್ಮ ಎಂದಲ್ಲ. ಭಾವ ಎಂದಂತೂ ಅಲ್ಲ.

ಮದುವೆಯಾದಂದಿನಿಂದ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಅಡುಗೆಮನೆಯಲ್ಲಿ ಅವಳನ್ನು ಕೇಳಿದೆ, "ನಿನ್ನ ಅಣ್ಣನನ್ನ ನಾನು ಹೆಸರು ಹಿಡಿದು ಕರೆದ್ರೆ ಬೇಜಾರು ಮಾಡ್ಕೋತಾರಾ?"

ನಕ್ಕಳು. "ಕರೀರಿ ನೋಡೋಣ. ನಿಮ್ಮ ಬಾಯಿಗೇ ಬರಲ್ಲ."

ಆಮೇಲೆ ನಗು ನಿಲ್ಲಿಸಿ ಒಲೆ ಸಣ್ಣ ಮಾಡಿದಳು. "ಯಾಕೆ ಕರೀಬೇಕು? ಏನಾಗಿದೆ?"

ಹೇಳಿದೆ. ನೀರಿನಿಂದ ಹಿಡಿದು ಲೋಟದವರೆಗೆ ಎಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕಾಫಿ ಬಸಿದು ಲೋಟ ಹಿಡಿದುಕೊಂಡು ಮೇಲೆ ಹೋದಳು. ಮೇಲಿನಿಂದ ಯಾರೂ ಬಡಿದು ಕೇಳಿರಲಿಲ್ಲ. ಅವಳು ಇನ್ನೂ ಇಳಿದು ಬಂದಿಲ್ಲ. ಮಾತಿನ ಸದ್ದೂ ಇಲ್ಲ.

ಬಚ್ಚಲಿನ ಬಾಗಿಲು ಹಾಕಿಕೊಂಡು ಒಮ್ಮೆ ಪ್ರಯತ್ನಿಸಿದೆ. ಅವಳು ಹೇಳಿದ್ದು ಸರಿ. ಮೊದಲ ಅಕ್ಷರದಲ್ಲೇ ನಾಲಿಗೆ ನಿಂತಿತು. ನಾಳೆ ನಿಲ್ಲುವ ಹಾಗಿಲ್ಲ, ನೀರಿನ ಸದ್ದಿಗಿಂತ ಜೋರಾಗಿ ಬರಬೇಕು.

ಬೀಗ ಅಂಗಿಯ ಜೇಬಿನಲ್ಲಿಟ್ಟಿದ್ದೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಪೆಟ್ಟಿಗೆಗೆ ಹಾಕುವುದು. ಯಾರು ಏನೇ ಅಂದರೂ ತೆಗೆಯುವುದಿಲ್ಲ. ಕೆಲಸ ಮುಗಿದ ಮೇಲೆ ತೊಟ್ಟಿಯ ಬಾಯಿಗೆ ಹೋಗಿ ಮೊದಲು ಅವರನ್ನೇ ಹೆಸರು ಹಿಡಿದು—